ಗರ್ನಾಲಿಗೆ ಹೆದರದ ಮಂಗ: ಆಕ್ಷೇಪಗಳಿಗೆ ಉತ್ತರ

ಮಂಗನ ಹಾವಳಿಗೆ ಪಟಾಕಿ ಮದ್ದಲ್ಲ, ತೋಟಕ್ಕೆ ಬರುವುದನ್ನು ಮಂಗಗಳಿಗೆ ಕಲಿಸಿದ್ದರಲ್ಲಿ ನಮ್ಮ ಪಾಲೂ ದೊಡ್ಡದಿದೆ ಎಂದು ನಾನು ಬರೆದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕುಗಳಿಂದ ಬೈಗುಳ ಬಂದಿದೆ. ಕೆಲವು ಫೋನಿನಲ್ಲಿ ಬಂದವು, ಕೆಲವು ಸೊಸೈಟಿ ಜಗಲಿಯಲ್ಲಿ. ಒಂದೆರಡನ್ನು ಮದುವೆಮನೆಯ ಪಂಕ್ತಿಯಲ್ಲಿ ಪಾಯಸ ಬರುವ ಮೊದಲೇ ಕೇಳಿಸಿಕೊಂಡೆ. ಬೈದವರೆಲ್ಲ ಬೆಳೆಗಾರರು, ನನ್ನ ಹಾಗೇ ಅಡಿಕೆ ನಂಬಿದವರು. ಹಾಗಾಗಿ ನಷ್ಟದ ವಿಷಯದಲ್ಲಿ ನಮ್ಮೊಳಗೆ ತಕರಾರಿಲ್ಲ. ಎಳೆ ಮಿಳ್ಳೆಯನ್ನು ಕಚ್ಚಿ ಹೀರಿ ಉದುರಿಸುವುದು, ಏಲಕ್ಕಿಯ ಸುಳಿ ಕೀಳುವುದು, ಬಾಳೆಗೊನೆ ಬಲಿಯುವ ಮೊದಲೇ ಮುಗಿಸುವುದು, ಹೆಂಚು ಎತ್ತಿ ಅಡುಗೆಮನೆಗೆ ಇಳಿಯುವುದು, ಇದೆಲ್ಲ ನನ್ನ ಮನೆಯಲ್ಲೂ ನಡೆಯುತ್ತದೆ. ಮಂಗನ ಕಾಟಕ್ಕೆ ಹಿತ್ತಲಲ್ಲಿ ತರಕಾರಿ ಹಾಕುವುದನ್ನೇ ಬಿಟ್ಟ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಜಗಳ ಇರುವುದು ಅದರ ಕಾರಣದ ಬಗ್ಗೆ ಮತ್ತು ಮದ್ದಿನ ಬಗ್ಗೆ.

“ಕದಿಯುವುದು ಮಂಗನ ಹುಟ್ಟುಗುಣ. ಅದಕ್ಕೆ ಯಾರೂ ಕಲಿಸಬೇಕಿಲ್ಲ.” ಜಯಪುರದ ಕಡೆಯ ಹಿರಿಯರೊಬ್ಬರ ಈ ಮಾತಿಗೆ ತಲೆಯಾಡಿಸಿದವರೇ ಹೆಚ್ಚು. ಹುಟ್ಟುಗುಣ ಅಂದಮೇಲೆ ಎಲ್ಲ ಮಂಗಗಳಲ್ಲೂ ಒಂದೇ ರೀತಿ ಇರಬೇಕಲ್ಲ? ಕಾಡಿನ ಒಳಗಿರುವ ಹಿಂಡು ಮನುಷ್ಯರ ವಾಸನೆ ಬಡಿದರೆ ಮರದ ತುದಿ ಸೇರುತ್ತದೆ. ಅದೇ ಜಾತಿಯ ಮಂಗ ಆಗುಂಬೆ ಘಾಟಿಯ ತಿರುವಿನಲ್ಲಿ ಕಾರಿನ ಬಾನೆಟ್ ಮೇಲೆ ಕೂತು ಕಿಟಕಿ ಇಳಿಯುವುದನ್ನೇ ಕಾಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಬಂಡೀಪುರದ ರಸ್ತೆ ಬದಿಯ ಮಂಗಗಳನ್ನು ಗಮನಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ಕೆಲವು ಮಂಗಗಳು ಪ್ರವಾಸಿಗರ ಕೈಯಲ್ಲಿ ತಿನಿಸು ಕಂಡರೆ ‘ಕೂ’ ಎಂದು ಕೂಗಿ, ಮುಖ ನೋಡಿ, ಕೈ ಚಾಚುತ್ತವೆ. ಹಿಂಡಿನೊಳಗೆ ಬೇರೆ ಕೆಲಸಕ್ಕೆ ಇದ್ದ ಕೂಗನ್ನು ನಮ್ಮಿಂದ ಬಿಸ್ಕತ್ತು ಕೇಳಲು ಬಳಸಿಕೊಂಡಿವೆ. ಹಸಿವು ಹುಟ್ಟುಗುಣ ಎಂದರೆ ಒಪ್ಪುತ್ತೇನೆ. ಮನುಷ್ಯನೆದುರು ಕೈ ಚಾಚುವುದು ಹುಟ್ಟುಗುಣವಲ್ಲ.

ಇನ್ನೊಬ್ಬರು ಇಂಗ್ಲಿಷ್ ಓದಿದವರು. ಪಾವ್ಲೋವ್‌ನ ನಾಯಿ, ಸ್ಕಿನ್ನರ್‌ನ ಇಲಿ, ಇದೆಲ್ಲ ಪೆಟ್ಟಿಗೆಯೊಳಗಿನ ವಿದ್ಯೆ, ನಮ್ಮ ತೋಟದಲ್ಲಿ ನಡೆಯುವುದಿಲ್ಲ ಎಂದರು. ಅವರು ಶೃಂಗೇರಿಗೆ ಹೋದಾಗ ಸ್ನಾನಘಟ್ಟದ ಮೆಟ್ಟಿಲಿಳಿದು ತುಂಗೆಯನ್ನು ಸ್ವಲ್ಪ ಹೊತ್ತು ನೋಡಲಿ. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ, ಭಕ್ತರು ಮಂಡಕ್ಕಿ ಎಸೆಯುತ್ತಾರೆ. ಮೆಟ್ಟಿಲ ಮೇಲೆ ಜನ ನಿಂತರೆ ಸಾಕು, ಮಂಡಕ್ಕಿ ನೀರಿಗೆ ಬೀಳುವ ಮೊದಲೇ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಪಾವ್ಲೋವ್ ಕಂಡದ್ದೂ ಇದನ್ನೇ. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ಆ ಮನುಷ್ಯ, ಊಟ ಬಾಯಿಗೆ ಬರುವ ಮೊದಲೇ, ಊಟ ತರುವವನನ್ನು ಕಂಡೇ ನಾಯಿಗಳು ಜೊಲ್ಲು ಸುರಿಸುವುದನ್ನು ಗಮನಿಸಿ ಆ ಜಾಡು ಹಿಡಿದ. ತುಂಗೆಯ ಮೀನಿಗೆ ಯಾರೂ ಪೆಟ್ಟಿಗೆ ಕಟ್ಟಿಲ್ಲ. ಅದು ಹರಿಯುವ ನದಿಯಲ್ಲಿದೆ, ಯಾವಾಗ ಬೇಕಾದರೂ ಹೋಗಬಹುದು, ಆದರೂ ಹೋಗುವುದಿಲ್ಲ.

ಮಂಗನ ವಿಷಯಕ್ಕೆ ಪಾವ್ಲೋವ್‌ಗಿಂತ ಥಾರ್ನ್‌ಡೈಕ್ ಹತ್ತಿರದವನು. 1898ರಲ್ಲಿ ಅವನು ಹಸಿದ ಬೆಕ್ಕುಗಳನ್ನು ಅಗುಳಿ ಇರುವ ಪೆಟ್ಟಿಗೆಗಳಲ್ಲಿ ಕೂಡಿಟ್ಟು ಹೊರಗೆ ಮೀನಿಟ್ಟ. ಪರಚಿ, ಕಚ್ಚಿ, ಒದ್ದಾಡುತ್ತ ಒಮ್ಮೆ ಅಕಸ್ಮಾತ್ ಅಗುಳಿ ಜಾರಿದರೆ ಬೆಕ್ಕು ಹೊರಗೆ ಬರುತ್ತಿತ್ತು. ಮತ್ತೆ ಮತ್ತೆ ಕೂಡಿದಂತೆ ಉಪಯೋಗವಿಲ್ಲದ ಒದ್ದಾಟ ಕಡಿಮೆಯಾಗುತ್ತ ಹೋಗಿ ಅಗುಳಿ ಒತ್ತುವುದು ಮಾತ್ರ ಉಳಿಯಿತು. ಮಾಡಿದ ಕೆಲಸದ ಬೆನ್ನಿಗೆ ಹಿತವಾದದ್ದು ಸಿಕ್ಕರೆ ಆ ಕೆಲಸ ಉಳಿಯುತ್ತದೆ, ಸಿಗದಿದ್ದರೆ ಸವೆಯುತ್ತದೆ. ಇಷ್ಟೇ ತತ್ವ. ಪ್ರಶ್ನೆ ಇಷ್ಟು ಸರಳವಾದ ಮೇಲೆ ಲೆಕ್ಕ ಹಾಕುವುದೂ ಸುಲಭ: ಮಂಗ ತೋಟಕ್ಕೆ ಬಂದ ದಿನ ಅದರ ಬಾಯಿಗೆ ಏನಾದರೂ ಬಿತ್ತೋ ಇಲ್ಲವೋ?

ಈಗ ಪಟಾಕಿಯ ವಿಷಯ. ಅತಿ ಹೆಚ್ಚು ಸಿಟ್ಟು ಬಂದದ್ದು ಇಲ್ಲೇ. “ನೀವು ಏನೇ ಹೇಳಿ ಮಾರಾಯ್ರೆ, ಗರ್ನಾಲು ಹೊಡೆದರೆ ಮಂಗ ಓಡುತ್ತೆ. ಕಣ್ಣಾರೆ ಕಂಡಿದ್ದೇವೆ.” ನಾನೂ ಕಂಡಿದ್ದೇನೆ. ಓಡುವುದಿಲ್ಲ ಎಂದು ನಾನು ಎಲ್ಲೂ ಬರೆದಿಲ್ಲ. ನಾನು ಕೇಳಿದ್ದು, ಮೊದಲು ಡಬ್ಬ ಬಡಿದರೆ ಓಡುತ್ತಿದ್ದ ಮಂಗಕ್ಕೆ ಆಮೇಲೆ ಪಟಾಕಿ ಬೇಕಾಯಿತು, ಅದಾದ ಮೇಲೆ ಗರ್ನಾಲು, ಈಗ ಕಾರ್ಬೈಡ್ ತುಂಬಿದ ಪೈಪು. ಇದು ಯಾಕೆ ಹೀಗೆ ಏರುತ್ತ ಹೋಗುತ್ತಿದೆ?

ಅಮೆರಿಕದ ಜಾರ್ಜ್ ಮತ್ತು ಎಲಿಜಬೆತ್ ಪೆಕ್‌ಹ್ಯಾಮ್ ದಂಪತಿ 1887ರಲ್ಲಿ ಜೇಡದ ಬಲೆಯ ಹತ್ತಿರ ಶ್ರುತಿಕವೆ ಮಿಡಿದು ನೋಡಿದರು. ಮೊದಲ ಸಲ ಜೇಡ ಗಾಬರಿಯಿಂದ ನೂಲು ಹಿಡಿದು ಕೆಳಗೆ ಬಿತ್ತು. ಹಲವು ಸಲ ಮಿಡಿದ ಮೇಲೆ ಅಲ್ಲಾಡಲೂ ಇಲ್ಲ. ಸದ್ದು ಬರುತ್ತದೆ, ಅದರ ಹಿಂದೆ ಕೆಡುಕೇನೂ ಬರುವುದಿಲ್ಲ ಎಂದಾದರೆ ಜೇಡಕ್ಕೂ ಅದು ಬರೀ ಸದ್ದು. ಮಂಗಕ್ಕೆ ಜೇಡಕ್ಕಿಂತ ಬುದ್ಧಿ ಕಡಿಮೆಯೇ? ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸವೆದ ಹೆದರಿಕೆ ಕೆಲವು ದಿನ ಸದ್ದು ನಿಲ್ಲಿಸಿದರೆ ತಾನಾಗಿ ಸ್ವಲ್ಪ ಮರಳುತ್ತದೆ. ಊರಿಗೆ ಹೋಗಿ ಬಂದು ಮತ್ತೆ ಗರ್ನಾಲು ಹೊಡೆದವರಿಗೆ “ನೋಡಿ, ಈಗಲೂ ಕೆಲಸ ಮಾಡುತ್ತೆ” ಅನ್ನಿಸುವುದು ಇದರಿಂದಲೇ. ಮರಳಿದ ಹೆದರಿಕೆ ಮೊದಲಿಗಿಂತ ಬೇಗ ಸವೆಯುತ್ತದೆ ಎನ್ನುವುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ಪಟಾಕಿಯಿಂದ ಯಾರು ಏನು ಕಲಿತರು ಎಂದು ಕೇಳಿದರೆ ಮಂಗಕ್ಕಿಂತ ಹೆಚ್ಚು ಕಲಿತವರು ನಾವು ಎನ್ನಬೇಕಾಗುತ್ತದೆ. ಗರ್ನಾಲು ಹೊಡೆದ ಕೂಡಲೇ ಕಣ್ಣೆದುರಿನ ಕಾಟ ನಿಲ್ಲುತ್ತದೆ. ಹಿಂಸೆ ತಪ್ಪಿತಲ್ಲ ಎಂಬ ಆ ನೆಮ್ಮದಿಯೇ ನಮಗೆ ಸಿಗುವ ಬಹುಮಾನ. ಹಾಗಾಗಿ ನಾಳೆಯೂ ಕೈ ಅಲ್ಲಿಗೇ ಹೋಗುತ್ತದೆ. ಮಂಗ ಮರುದಿನ ಬಂದದ್ದು ಆ ಲೆಕ್ಕಕ್ಕೆ ಸೇರುವುದೇ ಇಲ್ಲ, ಯಾಕೆಂದರೆ ಅದು ನಡೆದದ್ದು ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ. ಇನ್ನೂ ತಮಾಷೆಯೆಂದರೆ, ಹೊಟ್ಟೆ ತುಂಬಿದ ಹಿಂಡು ಹೇಗೂ ಹೊರಡುತ್ತದೆ. ಅಷ್ಟರಲ್ಲಿ ಸದ್ದು ಮಾಡಿದವನಿಗೆ ಓಡಿಸಿದ ಕೀರ್ತಿ. ಸ್ಕಿನ್ನರ್ 1948ರಲ್ಲಿ ಪಾರಿವಾಳಗಳಿಗೆ ಅವು ಏನು ಮಾಡಲಿ ಬಿಡಲಿ, ಇಷ್ಟು ಹೊತ್ತಿಗೊಮ್ಮೆ ಕಾಳು ಬೀಳುವ ಹಾಗೆ ಮಾಡಿದ. ಎಂಟರಲ್ಲಿ ಆರು ಹಕ್ಕಿಗಳು, ಕಾಳು ಬೀಳುವಾಗ ತಾವು ಏನು ಮಾಡುತ್ತಿದ್ದವೋ ಅದನ್ನೇ ಶ್ರದ್ಧೆಯಿಂದ ಮತ್ತೆ ಮತ್ತೆ ಮಾಡತೊಡಗಿದವು. ಒಂದು ಗೂಡಿನಲ್ಲಿ ಸುತ್ತು ಹೊಡೆಯಿತು, ಇನ್ನೊಂದು ಮೂಲೆಗೆ ತಲೆ ಚಾಚಿತು. ನಮ್ಮೂರಿನಲ್ಲಿ ಪಟಾಕಿ ಅಂಗಡಿಗೆ ಹೋಗುವವರನ್ನು ಕಂಡಾಗ ನನಗೆ ಆ ಹಕ್ಕಿಗಳ ನೆನಪಾಗುತ್ತದೆ. ಸಿಟ್ಟಾಗಬೇಡಿ, ಆ ಸಾಲಿನಲ್ಲಿ ನಾನೂ ನಿಂತವನೇ.

ಹುಲಿ ನಾಯಿಯನ್ನು ಎದುರಿಗಿಟ್ಟು ನನ್ನನ್ನು ಸೋಲಿಸಲು ಹೊರಟವರೂ ಇದ್ದಾರೆ. 2019ರ ಕೊನೆಯಲ್ಲಿ ನಮ್ಮ ಪಕ್ಕದ ತೀರ್ಥಹಳ್ಳಿ ತಾಲೂಕಿನ ನಲ್ಲೂರಿನ ರೈತರೊಬ್ಬರು ತಮ್ಮ ನಾಯಿಗೆ ಹುಲಿಪಟ್ಟೆ ಬಳಿದು ತೋಟದಲ್ಲಿ ತಿರುಗಾಡಿಸಿದ ಸುದ್ದಿ ದೇಶವೆಲ್ಲ ಓಡಾಡಿತು. ಮಂಗಗಳು ಹೆದರಿದವಂತೆ. ನಾನು ನಂಬುತ್ತೇನೆ, ಅದಕ್ಕೆ ಕಾರಣವೂ ಇದೆ. ದಕ್ಷಿಣ ಭಾರತದ ಕಾಡುಗಳಲ್ಲಿ ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ ಚಿರತೆಯ ಮಾದರಿಗಳನ್ನು ಇಟ್ಟು ಇದೇ ಜಾತಿಯ ಮಂಗಗಳನ್ನು ಪರೀಕ್ಷಿಸಿದ್ದರು. ಚುಕ್ಕೆ ಇರುವ ಚಿರತೆಗೆ ಹೆಚ್ಚು ಗಾಬರಿ, ಚುಕ್ಕೆ ಕಾಣದ ಕಪ್ಪು ಬಣ್ಣದ್ದಕ್ಕೆ ಕಡಿಮೆ. ಅಮೆರಿಕದಲ್ಲಿ ಕುಕ್ ಮತ್ತು ಮಿನೇಕಾ 1989ರಲ್ಲಿ ತೋರಿಸಿದ್ದು ಇನ್ನೂ ಸ್ವಾರಸ್ಯದ್ದು. ಬೇರೆ ಮಂಗ ಆಟಿಕೆ ಹಾವಿಗೆ ಹೆದರುವ ವಿಡಿಯೋ ನೋಡಿದ ಮಂಗ ತಾನೂ ಹಾವಿಗೆ ಹೆದರುವುದನ್ನು ಕಲಿಯಿತು. ವಿಡಿಯೋದ ಮಂಗ ಹೂವಿಗೆ ಹೆದರುವ ಹಾಗೆ ಜೋಡಿಸಿ ತೋರಿಸಿದರೆ ನೋಡಿದ ಮಂಗ ಕಲಿಯಲಿಲ್ಲ. ಎಲ್ಲವನ್ನೂ ಎಲ್ಲರಿಗೂ ಕಲಿಸಲಾಗುವುದಿಲ್ಲ. ಪ್ರಾಣಿಯ ಮೈಯಲ್ಲಿ ಕೆಲವು ಹೆದರಿಕೆಗಳಿಗೆ ಮೊದಲೇ ಜಾಗ ಇರುತ್ತದೆ. ಹುಟ್ಟುಗುಣದ ವಾದದಲ್ಲಿ ಒಂದು ಪಾಲು ನಿಜವಿದ್ದರೆ ಅದು ಇಲ್ಲಿದೆ, ಜಯಪುರದ ಹಿರಿಯರಿಗೆ ಇಷ್ಟು ಬಿಟ್ಟುಕೊಡುತ್ತೇನೆ. ಪಟ್ಟೆಗೆ ಸದ್ದಿಗಿಂತ ಹೆಚ್ಚು ಬಾಳಿಕೆ. ಆದರೂ ನಿಂತಲ್ಲೇ ನಿಂತ ಹುಲಿಗೊಂಬೆ ಕೊನೆಗೆ ಬೆರ್ಚಪ್ಪನೇ. ನಾಯಿ ಕೆಲಸ ಮಾಡಿದ್ದು ಪಟ್ಟೆಯಿಂದ ಮಾತ್ರವಲ್ಲ, ಅದು ನಾಯಿ ಆಗಿದ್ದರಿಂದ. ಅದು ಓಡಾಡುತ್ತದೆ, ಅಟ್ಟಿಸಿಕೊಂಡು ಹೋಗುತ್ತದೆ, ಯಾವ ಬದಿಯಿಂದ ಬರುತ್ತದೆ ಎಂದು ಮಂಗಕ್ಕೆ ಗೊತ್ತಾಗುವುದಿಲ್ಲ.

ಆನೆಯ ಬಗ್ಗೆ ಕೇಳಿದವರಿಗೆ ಎರಡೇ ಮಾತು, ಅದು ಬೇರೆ ಲೇಖನವನ್ನೇ ಬೇಡುವ ವಿಷಯ. 2025ರ ಜುಲೈನಲ್ಲಿ ಬಾಳೆಹೊನ್ನೂರು ಭಾಗದಲ್ಲಿ ಆನೆ ದಾಳಿಗೆ ಜೀವಗಳು ಹೋದವು. ಅಲ್ಲಿ ತಪ್ಪಿದ ಲೆಕ್ಕಕ್ಕೆ ಪ್ರಾಣವೇ ಬೆಲೆ. ಪಟಾಕಿಗೆ ಒಗ್ಗಿದ ಆನೆ ಓಡುವ ಬದಲು ತಿರುಗಿ ನಿಲ್ಲುತ್ತದೆ. ಸೋಲಾರ್ ತಂತಿಯ ಮೇಲೆ ಮರ ಕೆಡವಿ ದಾಟುವುದನ್ನು ಕಲಿತ ಆನೆಗೆ ಸದ್ದು ಹೆಚ್ಚಿಸಿ ಬುದ್ಧಿ ಹೇಳುತ್ತೇನೆ ಎನ್ನುವವರ ಧೈರ್ಯ ನನಗಿಲ್ಲ.

“ಪೆಟ್ಟು ಬಿದ್ದರೆ ಬುದ್ಧಿ ಬರುತ್ತೆ. ನಾವು ಮೇಷ್ಟ್ರ ಕೋಲಿಗೆ ಹೆದರಿಯೇ ಕಲಿತವರು.” ಮೇಷ್ಟ್ರ ಕೋಲಿನಿಂದ ನಾವು ಕಲಿತದ್ದು ಮೇಷ್ಟ್ರು ಎಲ್ಲಿದ್ದಾರೆ ಎಂದು ನೋಡಿಕೊಳ್ಳುವುದನ್ನು. ಮಗ್ಗಿ ಕಲಿತದ್ದು ಬೇರೆ ದಾರಿಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದ್ದು ಕರುಣೆಯಿಂದ ಮಾತ್ರ ಎಂದು ತಿಳಿಯಬೇಡಿ. ಇನ್ನು ಮಂಗ. ಹೊಡೆತದಿಂದ ನಡವಳಿಕೆ ಬದಲಾಗಲು ಏನೇನು ಬೇಕು ಎಂದು ಏಜ್ರಿನ್ ಮತ್ತು ಹೋಲ್ಜ್ 1966ರಲ್ಲೇ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಬರೆದರು. ತಪ್ಪು ನಡೆದ ತಕ್ಷಣ ಬೀಳಬೇಕು. ಪ್ರತಿ ಸಲವೂ ಬೀಳಬೇಕು. ತಪ್ಪಿಸಿಕೊಳ್ಳಲು ಜಾಗ ಇರಬಾರದು. ಅದೇ ತಿನಿಸು ಸಿಗುವ ಬೇರೆ ಒಳ್ಳೆಯ ದಾರಿ ಇರಬೇಕು. ಮತ್ತು ಮೊದಲ ಪೆಟ್ಟೇ ಬಲವಾಗಿರಬೇಕು. ಸಣ್ಣದರಿಂದ ಶುರು ಮಾಡಿ ಮೆಲ್ಲಗೆ ಏರಿಸಿದರೆ ಪ್ರಾಣಿ ಪ್ರತಿ ಮೆಟ್ಟಿಲಿಗೂ ಒಗ್ಗಿಕೊಳ್ಳುತ್ತದೆ. ಡಬ್ಬದಿಂದ ಕಾರ್ಬೈಡ್ ಪೈಪಿನವರೆಗೆ ನಾವು ಮಾಡಿಕೊಂಡು ಬಂದದ್ದು ಅದನ್ನೇ, ಒಂದೊಂದೇ ಮೆಟ್ಟಿಲು ಹತ್ತಿಸಿ ಗಟ್ಟಿ ಮಾಡುವುದನ್ನು. ಉಳಿದ ಷರತ್ತುಗಳಲ್ಲಿ ಒಂದಾದರೂ ನಮ್ಮ ತೋಟದಲ್ಲಿ ಪೂರೈಸಲು ಸಾಧ್ಯವೇ? ಮಂಗ ತಿಂದು ಮುಗಿಸಿದ ಮೇಲೆ ನಾವು ಕವಣೆ ಹುಡುಕುತ್ತೇವೆ. ಹತ್ತು ಸಲ ಬಂದರೆ ಒಂದು ಸಲ ಸಿಗುತ್ತದೆ. ತಪ್ಪಿಸಿಕೊಳ್ಳಲು ಸುತ್ತ ಕಾಡೇ ಇದೆ. ಹಾಗಾಗಿ ಅದು ಕಲಿಯುವುದು ಅಡಿಕೆ ಮುಟ್ಟಬಾರದು ಎಂದಲ್ಲ, ಕೋವಿ ಹಿಡಿದವನು ಯಾರು, ಕೋಲು ಹಿಡಿದವನು ಯಾರು, ಗಂಡಸರು ಊಟಕ್ಕೆ ಹೋಗುವುದು ಎಷ್ಟು ಹೊತ್ತಿಗೆ ಎಂದು.

ಸಕ್ರೆಬೈಲಿನ ಆನೆ ಬಿಡಾರದಲ್ಲಿ ಕಾಡಾನೆಯನ್ನು ಪಳಗಿಸುವುದಿಲ್ಲವೇ ಎಂದು ಕೆಲವರು ಕೇಳಿದರು. ಪಳಗಿಸುತ್ತಾರೆ. ಆದರೆ ಅಲ್ಲಿ ಆನೆ ಕ್ರಾಲ್‌ನ ದಿಮ್ಮಿಗಳ ನಡುವೆ ಇರುತ್ತದೆ, ಮಾವುತ ಕಾವಾಡಿಗಳು ಹಗಲು ರಾತ್ರಿ ಅದರ ಹತ್ತಿರವೇ ಇರುತ್ತಾರೆ, ಮತ್ತು ಬೆಲ್ಲ, ಕಬ್ಬು ಕೊಡುವುದೂ ಅದೇ ಕೈ. ಮಾತು ಕೇಳಿದರೆ ಏನು ಸಿಗುತ್ತದೆ ಎನ್ನುವುದು ಆನೆಗೆ ದಿನವೂ ಗೊತ್ತಾಗುತ್ತದೆ. ತೋಟದ ಮಂಗಕ್ಕೆ ನಾವು ಯಾವ ಬೆಲ್ಲ ಕೊಟ್ಟಿದ್ದೇವೆ? ಕೊಡಬೇಕು ಎಂದು ನಾನು ಹೇಳುತ್ತಿಲ್ಲ. ಹೋಲಿಕೆ ಅಲ್ಲಿಗೇ ಮುರಿಯುತ್ತದೆ ಎಂದಷ್ಟೇ.

ಭಕ್ತರ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕಲಾರೆ. ಶನಿವಾರ ಆಂಜನೇಯನಿಗೆ ಹಣ್ಣುಕಾಯಿ ಮಾಡಿಸಿ ಹೊರಬಂದವರು ಮಂಗಕ್ಕೆ ಒಂದು ಬಾಳೆಹಣ್ಣು ಕೊಡುತ್ತಾರೆ. “ಅಪರೂಪಕ್ಕೆ ಒಂದು ಕೊಟ್ಟರೆ ಏನಾಯಿತು? ದಿನಾ ಕೊಡುತ್ತೇವೆಯೇ?” ದಿನಾ ಕೊಟ್ಟು ಒಮ್ಮೆಗೇ ನಿಲ್ಲಿಸಿದ್ದರೆ ಪರವಾಗಿರಲಿಲ್ಲ. ಮಂಗಕ್ಕೆ ನಿಂತದ್ದು ಬೇಗ ಗೊತ್ತಾಗುತ್ತಿತ್ತು. ಅಪರೂಪಕ್ಕೆ ಕೊಡುವುದೇ ಅತಿ ಕೆಟ್ಟದ್ದು. ಯಾವ ಸಲ ಸಿಗುತ್ತದೆ ಎಂದು ಗೊತ್ತಿಲ್ಲದ ಬಹುಮಾನದಷ್ಟು ಗಟ್ಟಿಯಾದ ಅಂಟು ಇನ್ನೊಂದಿಲ್ಲ ಎಂದು ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ತಮ್ಮ ದಪ್ಪ ಪುಸ್ತಕದಲ್ಲಿ ಪುಟ ಪುಟಕ್ಕೂ ರೇಖೆ ಎಳೆದು ತೋರಿಸಿದ್ದಾರೆ. ನಮಗೆ ಆ ಪುಸ್ತಕ ಬೇಕಿಲ್ಲ, ಶಿವಮೊಗ್ಗ ಕಡೆ ಓಸಿ (ಮಟ್ಕಾ) ಬರೆಸುವವರನ್ನು ನೋಡಿದರೆ ಸಾಕು. ಯಾವಾಗಲೋ ಒಮ್ಮೆ ನಂಬರು ಹೊಡೆದವನು ಮನೆ ಮಾರುವವರೆಗೂ ಬಿಡುವುದಿಲ್ಲ.

ಕೊಡುವುದನ್ನು ನಿಲ್ಲಿಸಿದರೂ ಮೊದಲ ವಾರಗಳು ಸುಖವಾಗಿರುವುದಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಸಿಗುತ್ತಿದ್ದದ್ದು ನಿಂತಾಗ ಪ್ರಾಣಿ ಮೊದಲು ಸುಮ್ಮನಾಗುವುದಿಲ್ಲ, ಜೋರು ಮಾಡುತ್ತದೆ. ಕೈ ಚಾಚುತ್ತಿದ್ದ ಮಂಗ ಸೆರಗು ಎಳೆಯುತ್ತದೆ, ಹಲ್ಲು ಕಿರಿಯುತ್ತದೆ, ಚೀಲ ಕಸಿಯುತ್ತದೆ. ಹೆದರಿದ ಯಾತ್ರಿಕರು ಆ ಹೊತ್ತಿಗೆ ಕೈಯಲ್ಲಿದ್ದದ್ದನ್ನು ಎಸೆದು ಕಾರು ಹತ್ತುತ್ತಾರೆ. ಮಂಗಕ್ಕೆ ಅರ್ಥವಾದದ್ದು ಇಷ್ಟು: ಕೈ ಚಾಚಿದರೆ ಸಿಗುವುದಿಲ್ಲ, ಕಸಿದರೆ ಸಿಗುತ್ತದೆ. ಇಂಥ ಮಂಗ ಘಾಟಿಯಿಂದ ಕಿಗ್ಗದ ದಾರಿಯ ತೋಟಕ್ಕೆ ಬಂದರೆ ನಮ್ಮ ಗರ್ನಾಲಿಗೆ ಎಲ್ಲಿ ಹೆದರೀತು? ರಸ್ತೆಯಲ್ಲಿ ಬಿಸ್ಕತ್ತು ಎಸೆದವರ ಪುಣ್ಯ ಅವರ ಜೊತೆ ಬೆಂಗಳೂರಿಗೆ ಹೋಗುತ್ತದೆ. ಬಿಲ್ಲು ಬರುವುದು ನಮಗೆ.

ಹಿಡಿದು ದೂರದ ಕಾಡಿಗೆ ಬಿಡಬೇಕು, ಸಂತಾನಹರಣ ಮಾಡಿಸಬೇಕು, ಮಂಕಿ ಪಾರ್ಕ್ ಮಾಡಬೇಕು ಎಂಬ ಮೂರು ಮಾತುಗಳಿಗೆ ಒಟ್ಟಿಗೇ ಉತ್ತರಿಸುತ್ತೇನೆ. ಒಂದು ಪೇಟೆಯಿಂದ ಹಿಡಿದದ್ದನ್ನು ರಾತ್ರೋರಾತ್ರಿ ನಮ್ಮ ಕಾಡಂಚಿಗೆ ತಂದು ಬಿಡುತ್ತಾರೆ ಎನ್ನುವುದೇ ಮಲೆನಾಡಿನವರ ಹಳೆಯ ದೂರು. ಅದನ್ನೇ ಇನ್ನೊಬ್ಬರಿಗೆ ಮಾಡೋಣ ಎನ್ನುವವರಿಗೆ ಏನು ಹೇಳುವುದು? ಮಂಗದ ಜೊತೆ ಅದರ ವಿದ್ಯೆಯೂ ಲಾರಿ ಹತ್ತುತ್ತದೆ. ಜಪಾನಿನ ಕೋಷಿಮಾ ದ್ವೀಪದಲ್ಲಿ 1953ರಲ್ಲಿ ಇಮೊ ಎಂಬ ಒಂದು ಮರಿ ಹೆಣ್ಣು ಮಂಗ ಗೆಣಸನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿತು. ಕೆಲವು ವರ್ಷಗಳಲ್ಲಿ ಅದರ ತಾಯಿ, ಒಡನಾಡಿಗಳು, ಅವುಗಳ ಮರಿಗಳೆಲ್ಲ ತೊಳೆಯತೊಡಗಿದವು. ಗೆಣಸು ತೊಳೆಯುವುದಕ್ಕೇ ಹೀಗಾದರೆ ಹೆಂಚು ಎತ್ತುವುದಕ್ಕೆ ಎಷ್ಟು ದಿನ ಬೇಕು? ಸಂತಾನಹರಣದಿಂದ ಮುಂದೆ ಹುಟ್ಟುವ ಮಂಗ ಕಡಿಮೆಯಾಗಬಹುದು, ಈಗಿರುವ ಮಂಗ ಕಲಿತದ್ದನ್ನು ಮರೆಯುವುದಿಲ್ಲ. ಹಿಮಾಚಲ ಪ್ರದೇಶದವರು 2007ರಿಂದ ಲಕ್ಷಕ್ಕೂ ಮಿಕ್ಕಿ ಮಂಗಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿದ್ದಾರೆ, ಅಲ್ಲಿನ ರೈತರ ಗೋಳು ಇನ್ನೂ ನಿಂತಿಲ್ಲ. ಹೊಸನಗರ ತಾಲೂಕಿನಲ್ಲಿ ಮಾಡುತ್ತೇವೆಂದು 2019-20ರಲ್ಲಿ ಹೊರಟ ಮಂಕಿ ಪಾರ್ಕ್‌ಗೆ ಅಲ್ಲಿನವರೇ ಅಡ್ಡ ನಿಂತರು. ಅವರ ಜಾಗದಲ್ಲಿ ನಾನಿದ್ದರೂ ನಿಲ್ಲುತ್ತಿದ್ದೆ.

ವಿಷದ ಮಾತು ಆಡಿದವರೂ ಇದ್ದಾರೆ, ಬಾಯಿ ಬಿಟ್ಟು ಅಲ್ಲ, ಕಣ್ಣು ಮಿಟುಕಿಸಿ. 2021ರ ಜುಲೈನಲ್ಲಿ ಬೇಲೂರು ತಾಲೂಕಿನ ಚೌಡನಹಳ್ಳಿ ಹತ್ತಿರ ಚೀಲಗಳಲ್ಲಿ ಕಟ್ಟಿ ಎಸೆದ 38 ಮಂಗಗಳ ಹೆಣ ಸಿಕ್ಕಿದಾಗ ಹೈಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತ್ತು. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯುವ ಮನಸ್ಸಿಲ್ಲ.

ಕೊಲ್ಲದೆ, ವಾಂತಿ ಬರಿಸುವ ಏನನ್ನಾದರೂ ಹಣ್ಣಿನಲ್ಲಿಟ್ಟರೆ ಹೇಗೆ ಎಂದು ಕೇಳಿದ ಎನ್.ಆರ್.ಪುರದ ಯುವಕನ ಪ್ರಶ್ನೆಯಲ್ಲಿ ಮಾತ್ರ ತಿರುಳಿದೆ. ಗಾರ್ಸಿಯಾ ಮತ್ತು ಕೋಲಿಂಗ್ 1966ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದೇ. ಹೊಟ್ಟೆ ತೊಳಸಿದರೆ ಇಲಿ ಅದನ್ನು ರುಚಿಗೆ ಗಂಟು ಹಾಕುತ್ತದೆ, ಸದ್ದಿಗೂ ಬೆಳಕಿಗೂ ಅಲ್ಲ. ಮೈಗೆ ಶಾಕ್ ತಗುಲಿದರೆ ಸದ್ದು ಬೆಳಕಿಗೆ ಗಂಟು ಹಾಕುತ್ತದೆ, ರುಚಿಗೆ ಅಲ್ಲ. ಪಟಾಕಿ ಸದ್ದಿನಿಂದ ಅಡಿಕೆಯ ರುಚಿ ಕೆಡುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಬೇಕಿಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ಕುರಿ ಹಿಡಿಯುವ ಕಾಯೋಟಿಗಳಿಗೆ ಮದ್ದು ಬೆರೆಸಿದ ಕುರಿಮಾಂಸವಿಟ್ಟು ನೋಡಿದರು. ಸತ್ತ ಕುರಿಯ ಮಾಂಸ ಬಿಟ್ಟರೂ ಓಡುವ ಕುರಿ ಬಿಟ್ಟವೇ ಎಂಬ ಜಗಳ ಬಹಳ ಕಾಲ ನಡೆಯಿತು. ನಮ್ಮಲ್ಲಿ ದನ, ನಾಯಿ, ಮಕ್ಕಳು ತಿರುಗಾಡುವ ತೋಟದಲ್ಲಿ ಮದ್ದಿಟ್ಟ ಹಣ್ಣು ಯಾರ ಬಾಯಿಗೆ ಹೋದೀತು ಎಂದು ಯೋಚಿಸಿ, ತಮ್ಮಾ. ವಿಚಾರ ಸರಿ, ಜಾಗ ಸರಿಯಲ್ಲ.

“ಹಾಗಾದರೆ ಕೈ ಕಟ್ಟಿ ಕೂರಬೇಕೇ?” ಕೂರಬಾರದು. ಕಾಯಬೇಕು. ಮಂಗ ಮೊದಲ ಮಿಳ್ಳೆ ಕಚ್ಚುವ ಮೊದಲೇ ಅಲ್ಲಿ ಆಳು ಮತ್ತು ನಾಯಿ ಇರಬೇಕು, ಹೊಟ್ಟೆ ತುಂಬಿದ ಮೇಲೆ ಅಲ್ಲ. ಬರಿಗೈಯಲ್ಲಿ ತಿರುಗಿ ಹೋಗುವುದು ಅದಕ್ಕೆ ಪ್ರತಿ ಸಲದ ಅನುಭವ ಆಗಬೇಕು, ವಾರಕ್ಕೊಂದು ಸಲ ಆದರೆ ಅದೂ ಓಸಿಯೇ. ಒಬ್ಬನ ತೋಟದಲ್ಲಿ ಕಾವಲಿದ್ದು ಪಕ್ಕದವನದ್ದು ತೆರೆದಿದ್ದರೆ ಹಿಂಡು ಬೇಲಿಯ ಆಚೆ ಕೂತು ಕಾಯುತ್ತದೆ. ಹಾಗಾಗಿ ಒಂದು ಕೇರಿಯ ತೋಟಗಳೆಲ್ಲ ಸೇರಿಯೇ ಕಾಯಬೇಕು. ಘಾಟಿ ರಸ್ತೆಯಲ್ಲಿ, ದೇವಸ್ಥಾನದ ಪಾರ್ಕಿಂಗಿನಲ್ಲಿ ತಿನಿಸು ಹಾಕುವವರಿಗೆ ಸ್ಥಳದಲ್ಲೇ ದಂಡ ಹಾಕಬೇಕು, ಹೋಟೆಲುಗಳ ಎಂಜಲು ಮುಚ್ಚಿದ ತೊಟ್ಟಿಗೆ ಹೋಗಬೇಕು.

“ಹುಡುಗರೆಲ್ಲ ಬೆಂಗಳೂರಿಗೆ ಹೋಗಿದ್ದಾರೆ, ಕೊನೆ ಇಳಿಸಲಿಕ್ಕೇ ಆಳಿಲ್ಲ, ಮಂಗ ಕಾಯಲು ಯಾರು ಬರುತ್ತಾರೆ?” ಬಂದ ಆಕ್ಷೇಪಗಳಲ್ಲೆಲ್ಲ ನನ್ನನ್ನು ಕಟ್ಟಿಹಾಕಿದ್ದು ಇದೊಂದೇ. ಇದಕ್ಕೆ ಪಾವ್ಲೋವ್ ಹತ್ತಿರವೂ ಸ್ಕಿನ್ನರ್ ಹತ್ತಿರವೂ ಉತ್ತರವಿಲ್ಲ, ಇದು ಕೂಲಿಯ ಲೆಕ್ಕ. ಒಂದು ಕೇರಿಯ ಮನೆಗಳು ವರ್ಷಕ್ಕೆ ಪಟಾಕಿ, ಗರ್ನಾಲು, ಕಾರ್ಬೈಡಿಗೆ ಸುರಿಯುವ ದುಡ್ಡನ್ನು ಒಟ್ಟು ಹಾಕಿದರೆ ಎಳೆಗಾಯಿಯ ತಿಂಗಳುಗಳಿಗಾದರೂ ಒಬ್ಬ ಕಾವಲಿನವನ ಸಂಬಳ ಹುಟ್ಟುತ್ತದೆಯೋ ಇಲ್ಲವೋ, ಸೊಸೈಟಿಯ ಮುಂದಿನ ಸಭೆಯಲ್ಲಿ ಚೀಟಿ ಪೆನ್ನು ಹಿಡಿದು ಕೂತು ನೋಡೋಣ. ಸಾಲದಿದ್ದರೆ ಉಳಿದದ್ದನ್ನು ಪಂಚಾಯಿತಿಯಿಂದ ಕೇಳೋಣ.